ಹಾರ್ಲೆಮ್ ನೋಡಿದವನು ವರ್ಲಿಗೆ ಹೋದದ್ದು



ಕೆಲವು ವರ್ಷಗಳ ಹಿಂದೆ ಕಚೇರಿಯ ಕೆಲಸದ ನಿಮಿತ್ತ ನ್ಯೂಯಾರ್ಕಿಗೆ ಹೋಗಿದ್ದಾಗ ಒಂದು ಬಿಡುವಿನ ದಿನ ಹಾರ್ಲೆಮ್ ನೋಡಲು ಹೋದೆ. ಅಮೆರಿಕದ ಕಪ್ಪು ಜನರ ಸಂಗೀತ, ಸಾಹಿತ್ಯ, ರಾಜಕಾರಣಗಳಿಗೆ ತವರಾದ ಬಡಾವಣೆ ಅದು. 125ನೆಯ ಬೀದಿಯ ಅಪೋಲೊ ರಂಗಮಂದಿರದ ಮುಂದೆ ಎಲ್ಲ ಪ್ರವಾಸಿಗರಂತೆ ನಾನೂ ನಿಂತು ಭಾವಚಿತ್ರ ತೆಗೆಸಿಕೊಂಡೆ. 1913ರಲ್ಲಿ ಡಾ. ಅಂಬೇಡ್ಕರರು ಓದಲು ಹೋದ ಕೊಲಂಬಿಯಾ ವಿಶ್ವವಿದ್ಯಾಲಯ ಅಲ್ಲಿಂದ ನಡೆದು ಹೋಗುವಷ್ಟು ಸಮೀಪದಲ್ಲಿದೆ. ನಾನು ಮುಂಬಯಿಯವನೆಂದು ತಿಳಿದ ವೃದ್ಧರೊಬ್ಬರು, ದಲಿತ ಪ್ಯಾಂಥರರ ವರ್ಲಿ ಹೇಗಿದೆಯೆಂದು ಕೇಳಿದರು. ಇಪ್ಪತ್ತು ವರ್ಷ ಬಸ್ಸಿನ ಕಿಟಕಿಯಿಂದಷ್ಟೇ ವರ್ಲಿಯನ್ನು ಕಂಡಿದ್ದ ನನಗೆ ಉತ್ತರ ತೋಚಲಿಲ್ಲ.

ಆ ನಾಚಿಕೆ ಕಳೆದುಕೊಳ್ಳಲು ಮೊನ್ನೆ ಒಂದು ಭಾನುವಾರ ವರ್ಲಿಯ ಬಿ.ಡಿ.ಡಿ. ಚಾಳುಗಳಿಗೆ ಹೋದೆ. 1920ರ ದಶಕದಲ್ಲಿ ಸರಕಾರ ಕಟ್ಟಿಸಿದ ಕಟ್ಟಡಗಳು ಅವು. ಒಂದು ಸಂಸಾರಕ್ಕೆ 160 ಚದರಡಿಯ ಒಂದೇ ಕೋಣೆ. ಶೌಚಾಲಯ ಎಲ್ಲರಿಗೂ ಸೇರಿದ್ದು. ಗಿರಣಿ ಕಾರ್ಮಿಕರೂ ದಲಿತರೂ ಇಲ್ಲಿ ತಲೆಮಾರುಗಳನ್ನು ಕಳೆದಿದ್ದಾರೆ. ನಾಮದೇವ ಢಸಾಳ, ಜೆ.ವಿ. ಪವಾರ್ ಮೊದಲಾದ ತರುಣರು 1972ರಲ್ಲಿ ದಲಿತ ಪ್ಯಾಂಥರ್ ಕಟ್ಟಿದಾಗ, ಅಮೆರಿಕದ ಬ್ಲ್ಯಾಕ್ ಪ್ಯಾಂಥರರ ಹೆಸರನ್ನೇ ಮಾದರಿಯಾಗಿಟ್ಟುಕೊಂಡಿದ್ದರು. 1974ರ ಜನವರಿ 5ರಂದು ಇಲ್ಲಿ ಅವರ ಸಭೆಯ ಮೇಲೆ ಕಲ್ಲು ಬಿದ್ದು ಗಲಭೆ ಹಬ್ಬಿತು. ಐದು ದಿನಗಳ ಮೇಲೆ ಪ್ರತಿಭಟನೆಯ ಮೆರವಣಿಗೆಯಲ್ಲಿದ್ದ ಭಾಗವತ್ ಜಾಧವ್ ಕಲ್ಲೇಟಿಗೆ ಬಲಿಯಾದರು. ಹೆಸರು ಎರವಲಿನದೆಂದು ಹೀಗಳೆಯುವವರುಂಟು. ಆದರೆ ಅಮೆರಿಕದ ಕಪ್ಪು ಜನರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿಯನ್ನು ಕೋರಿ ಅಂಬೇಡ್ಕರರು 1946ರಲ್ಲಿಯೇ ಡುಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. ನಂಟು ಹಳೆಯದು.

ಚಾಳಿನ ಮೊಗಸಾಲೆಯಲ್ಲಿ ನಾನು ಫೋನಿನಲ್ಲಿ ಮಾತಾಡುತ್ತಿದ್ದುದನ್ನು ಕೇಳಿ ಹಿರಿಯರೊಬ್ಬರು ಹೊರಬಂದರು. "ಕನ್ನಡದವರೇನ್ರೀ?" ಎಂದರು. ಅವರ ತಂದೆ ವಿಜಾಪುರದ ಕಡೆಯಿಂದ ಗಿರಣಿಗೆ ಬಂದವರಂತೆ. ಚಹಾ ಕೊಟ್ಟರು. ಯಾವ ಊರು ಎಂದು ಪರಸ್ಪರ ಕೇಳಿಕೊಂಡೆವು. ಅದರ ಮುಂದಿನ ಪ್ರಶ್ನೆಯನ್ನು ಇಬ್ಬರೂ ಕೇಳಲಿಲ್ಲ. ನಾನು ಸಂಘದ ಹೆಸರು ಹೇಳಿದೆ. "ನಿಮ್ಮ ಸಂಘ ಎಲ್ಲೈತ್ರೀ? ನಮಗ ಯಾರೂ ಹೇಳಿಲ್ಲಲ್ರೀ," ಎಂದರು. ದೂರುವ ದನಿಯಿರಲಿಲ್ಲ, ಅದೇ ನನಗೆ ಕಷ್ಟವಾಯಿತು. ನಮ್ಮ ಸದಸ್ಯರ ಪಟ್ಟಿಯನ್ನು ಹನ್ನೆರಡು ವರ್ಷ ನಾನೇ ಬರೆದವನು. ಅದರಲ್ಲಿ ಈ ಚಾಳುಗಳ ಒಂದು ವಿಳಾಸವೂ ಇಲ್ಲ.

2025ರ ಆಗಸ್ಟಿನಲ್ಲಿ ಇಲ್ಲಿನ 556 ಸಂಸಾರಗಳಿಗೆ 500 ಚದರಡಿಯ ಹೊಸ ಮನೆಗಳು ದೊರೆತವು. ಇವರ ಸರದಿ ಇನ್ನೂ ಬಂದಿಲ್ಲ. ಹಳೆಯ ವಿಳಾಸವನ್ನೇ ಬರೆದುಕೊಂಡು ಬಂದಿದ್ದೇನೆ. ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಕೈಗೆ ಕೊಡುತ್ತೇನೆ.