ಒಂದು ಒಗೆಯುವ ಯಂತ್ರ, ಮೂರು ಲಿಪಿ



ಜಪಾನಿಗೆ ಓದಲೋ ದುಡಿಯಲೋ ಹೋದ ಕನ್ನಡಿಗರಿಗೆ ಮೊದಲ ವಾರದಲ್ಲೇ ಎದುರಾಗುವ ಪರೀಕ್ಷೆಯೆಂದರೆ ಬಟ್ಟೆ ಒಗೆಯುವ ಯಂತ್ರ. ಅಲ್ಲಿನ ಮನೆಗಳ ಯಂತ್ರದ ಗುಂಡಿಗಳ ಮೇಲೆ ಬರೆದಿರುವುದೆಲ್ಲ ಸಾಮಾನ್ಯವಾಗಿ ಜಪಾನಿಯಲ್ಲೇ. ಕನ್ನಡ ಮಾತ್ರ ಓದಬಲ್ಲ ಅಜ್ಜಿಯ ಮುಂದೆಯೂ ಇಂಗ್ಲಿಷಿನಲ್ಲೇ ನಿಲ್ಲುವ ಯಂತ್ರಗಳನ್ನು ಕಂಡ ನಮಗೆ ಇದೇ ಒಂದು ಸೋಜಿಗ.

1950ರ ದಶಕದಲ್ಲಿ ಜಪಾನಿನ ಜನ ಟಿವಿ, ಫ್ರಿಜ್ ಮತ್ತು ಈ ಯಂತ್ರವನ್ನು ‘ಮೂರು ದಿವ್ಯ ನಿಧಿ’ ಎಂದು ಕರೆದರು. ಅದು ಅಲ್ಲಿನ ಚಕ್ರವರ್ತಿ ಮನೆತನದ ಕನ್ನಡಿ, ಖಡ್ಗ, ರತ್ನಗಳಿಗಿದ್ದ ಹೆಸರು. ಮನೆಮನೆಗೆ ಬರಬೇಕಾದ ವಸ್ತು ಮನೆಯವರ ಮಾತನ್ನೇ ಆಡಬೇಕಲ್ಲವೇ?

ಗಾಬರಿ ಬೇಡ, ಮುಖ್ಯ ಕೆಲಸ ಮೂರೇ. ‘ಅರಾಯಿ’ ಎಂದರೆ ಒಗೆಯುವುದು, ‘ಸುಸುಗಿ’ ಎಂದರೆ ಜಾಲಿಸುವುದು, ‘ದಸ್ಸುಯಿ’ ಎಂದರೆ ಹಿಂಡುವುದು. ತಮಾಷೆ ಇರುವುದು ಬರವಣಿಗೆಯಲ್ಲಿ. ದಸ್ಸುಯಿಯನ್ನು ಚೀನಾದಿಂದ ಬಂದ ‘ಕಾಂಜಿ’ ಚಿತ್ರಾಕ್ಷರಗಳಲ್ಲಿ ಬರೆಯುತ್ತಾರೆ. ಸುಸುಗಿಯನ್ನು ಸಾಮಾನ್ಯವಾಗಿ ಬರೆಯುವುದು ಆ ಚಿತ್ರಾಕ್ಷರಗಳನ್ನೇ ಸವೆಸಿ ಜಪಾನೀಯರು ಸುಮಾರು 9ನೇ ಶತಮಾನದಲ್ಲಿ ರೂಪಿಸಿಕೊಂಡ, ಬಳುಕುವ ‘ಹಿರಗಾನ’ದಲ್ಲಿ. ಅರಾಯಿ ಅರ್ಧ ಅದು, ಅರ್ಧ ಇದು. ಯಂತ್ರವನ್ನು ಹೊರಡಿಸುವ ಗುಂಡಿಯ ಮೇಲಿನ ‘ಸುತಾತೊ’ ನಮ್ಮ ಹಳೆಯ ಪರಿಚಯದ ‘ಸ್ಟಾರ್ಟ್’! ಪರದೇಶದ ಮಾತಾದ್ದರಿಂದ ಅದಕ್ಕೆ ಮೂರನೆಯ ಲಿಪಿ, ಚೂಪು ಗೆರೆಗಳ ‘ಕತಕಾನ’.

ದಸ್ಸುಯಿ ಎಂಬುದರ ನೇರ ಅರ್ಥ ‘ನೀರು ತೆಗೆ’. ಇದರ ‘ಸುಯಿ’ ನೀರಿನ ಅಕ್ಷರ. ಅದೇ ಅಕ್ಷರ ‘ಫುರೊಮಿಜು’ ಎಂಬ ಗುಂಡಿಯಲ್ಲೂ ಉಂಟು, ಅಲ್ಲಿ ಮಾತ್ರ ಅದನ್ನು ‘ಮಿಜು’ ಎಂದು ಓದಬೇಕು. ಸುಯಿ ಚೀನಾದಿಂದ ಬಂದ ಉಚ್ಚಾರ, ಮಿಜು ಅವರ ಸ್ವಂತ ಪದ. ಒಂದೇ ಅಕ್ಷರವನ್ನು ನಾವು ಬಿಸಿನೀರಿನಲ್ಲಿ ‘ನೀರು’ ಎಂದೂ ಜಲಾಶಯದಲ್ಲಿ ‘ಜಲ’ ಎಂದೂ ಓದಿದಂತೆ.

ಈ ಫುರೊಮಿಜು ಎಂದರೆ ಸ್ನಾನದ ನೀರು. ಮಿಂದ ನೀರಿನಲ್ಲಿ ಬಟ್ಟೆ ಒಗೆಯುವುದೇ ಎಂದು ಮೂಗು ಮುರಿಯಬೇಡಿ. ಜಪಾನಿನಲ್ಲಿ ಸೋಪು ಹಚ್ಚಿ ಮೈ ತೊಳೆದುಕೊಳ್ಳುವುದು ತೊಟ್ಟಿಯ ಹೊರಗೆ. ಆಮೇಲೆ ಬಿಸಿನೀರಿಗೆ ಇಳಿದು ಕೂರುವುದು ಸುಖಕ್ಕೆ. ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಅದೇ ನೀರಿಗೆ ಇಳಿಯುತ್ತಾರೆ. ತೊಟ್ಟಿ ತುಂಬ ಉಳಿದ ಬೆಚ್ಚಗಿನ ನೀರನ್ನು ಚರಂಡಿಗೆ ಬಿಡುವುದೇಕೆ? ಯಂತ್ರದೊಳಗಿನ ಪುಟ್ಟ ಪಂಪು ಅದನ್ನು ಕೊಳವೆಯಿಂದ ಎಳೆದುಕೊಂಡು ಒಗೆಯುತ್ತದೆ. ಕೊನೆಯ ಸಲ ಜಾಲಿಸುವುದಕ್ಕೆ ಮಾತ್ರ ಸಾಮಾನ್ಯವಾಗಿ ನಲ್ಲಿಯ ಹೊಸ ನೀರು.