ಹಿತ್ತಿಲಿನ ಇಲಿಗೆ ಏರ್‌ಗನ್: ಕೊಳ್ಳುವ ಮುನ್ನ ತಿಳಿದಿರಬೇಕಾದ ವಿಷಯಗಳು

(ರೈತ ತರಬೇತಿ ಶಿಬಿರದ ಭಾಷಣದ ಪಾಠ)



ಸುಗ್ಗಿ ಮುಗಿದು ಕಾಳು ಮನೆ ಸೇರಿದ ಮೇಲೆ ಇಲಿಗಳೂ ಹೊಲ ಬಿಟ್ಟು ಮನೆ ಸೇರುತ್ತವೆ. ಉಗ್ರಾಣದಲ್ಲಿ ಚೀಲ ಕಡಿಯುತ್ತವೆ. ಕೋಳಿ ಮನೆಯ ಮೂಲೆಯಲ್ಲಿ ಹೆಗ್ಗಣ ಬಿಲ ತೋಡಿ ಮೇವು, ಮೊಟ್ಟೆ, ಮರಿ ಎಲ್ಲಕ್ಕೂ ಬಾಯಿ ಹಾಕುತ್ತದೆ. ವಿಷ ಇಡೋಣವೆಂದರೆ ಕೋಳಿ, ನಾಯಿ, ಬೆಕ್ಕು, ಮಕ್ಕಳು ಓಡಾಡುವ ಜಾಗ. ಇಂಥ ಕಡೆ ಹೆಚ್ಚು ಸದ್ದು ಮಾಡದ, ಕಡಿಮೆ ಬೆಲೆಯ ಸಣ್ಣ ಬಂದೂಕೊಂದು ಇದ್ದರೆ ಅನುಕೂಲವಲ್ಲವೇ ಎಂದು ಅನೇಕ ರೈತರು ಕೇಳುತ್ತಾರೆ.

ಅನುಕೂಲವಿದೆ, ಆದರೆ ಆ ಅನುಕೂಲ ಬಹಳ ಕಿರಿದಾದದ್ದು. ಅಂಗಡಿಗೆ ಹೋಗಿ ಬೆಲೆ ವಿಚಾರಿಸುವ ಮೊದಲು ರೈತನು ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ಹೊಡೆಯಬೇಕಾದ ಪ್ರಾಣಿ ಯಾವುದು? ಎಷ್ಟು ದೂರದಿಂದ? ಗುರಿ ತಪ್ಪಿದರೆ ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ? ಈ ಮೂರಕ್ಕೂ ಸರಿಯಾದ ಉತ್ತರವಿದ್ದವರಿಗೆ ಮಾತ್ರ ಬಂದೂಕು ಉಪಯೋಗದ ವಸ್ತು. ಇಲ್ಲದಿದ್ದರೆ ಇಲಿಗೆ ಹೆದರಿ ಮನೆಗೆ ಬೆಂಕಿ ಇಟ್ಟ ಹಾಗಾಗುತ್ತದೆ.

ಕಾನೂನು ಏನು ಹೇಳುತ್ತದೆ?

ಬಂದೂಕುಗಳ ವಿಷಯ 1959ರ ಆಯುಧ ಕಾಯಿದೆ ಮತ್ತು 2016ರ ಆಯುಧ ನಿಯಮಗಳಿಗೆ ಒಳಪಟ್ಟಿದೆ. ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಏರ್‌ಗನ್‌ಗೆ ಎರಡು ಮಿತಿಗಳಿವೆ. ನಳಿಗೆಯ ಒಳ ಅಳತೆ 0.177 ಅಂಗುಲ, ಅಂದರೆ 4.5 ಮಿಲಿಮೀಟರ್ ಮೀರಬಾರದು. ನಳಿಗೆಯ ಬಾಯಲ್ಲಿ ಗುಂಡಿನ ಶಕ್ತಿ 20 ಜೌಲ್ ಮೀರಬಾರದು. ಈ ಎರಡರ ಒಳಗಿದ್ದರೆ ಲೈಸೆನ್ಸ್ ಬೇಕಿಲ್ಲ. ಗುರುತಿನ ಚೀಟಿ, ವಿಳಾಸದ ದಾಖಲೆ ತೋರಿಸಿ ಅಧಿಕೃತ ಅಂಗಡಿಯಲ್ಲಿ ಕೊಳ್ಳಬಹುದು. ಯಾವುದಾದರೂ ಒಂದನ್ನು ಮೀರಿದರೂ ಲೈಸೆನ್ಸ್ ಬೇಕು. ಆದ್ದರಿಂದ 0.22 ಅಂಗುಲದ ಏರ್‌ಗನ್ ನೋಡಲು ಅದೇ ರೀತಿ ಇದ್ದರೂ ಲೈಸೆನ್ಸಿಲ್ಲದೆ ಇಟ್ಟುಕೊಳ್ಳುವಂತಿಲ್ಲ.

ಜೌಲ್ ಎಂಬುದು ಶಕ್ತಿಯ ಅಳತೆ. ಅರ್ಧ ಗ್ರಾಂ ತೂಕದ ಸೀಸದ ಗುಂಡು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 10 ಜೌಲ್. ಇಲಿಗೆ ಇಷ್ಟು ಸಾಕು. ಜಾಹೀರಾತಿನಲ್ಲಿ "ಸೆಕೆಂಡಿಗೆ 1,000 ಅಡಿ ವೇಗ" ಎಂದು ಬರೆದಿದ್ದರೆ ಹಿಗ್ಗಬೇಡಿ, ಲೆಕ್ಕ ಹಾಕಿ ನೋಡಿ. ಅದೇ ಅರ್ಧ ಗ್ರಾಂ ಗುಂಡು ಆ ವೇಗದಲ್ಲಿ ಹೊರಟರೆ ಶಕ್ತಿ 23 ಜೌಲ್ ಆಗುತ್ತದೆ. ಅದು ಕಾನೂನಿನ ಮಿತಿಯಾಚೆ. ಹಾಗಾದರೆ ಬಹಳ ಹಗುರವಾದ ಗುಂಡು ಹಾಕಿ ವೇಗ ಅಳೆದಿರಬೇಕು, ಇಲ್ಲವೇ ಬಂದೂಕು ಲೈಸೆನ್ಸ್ ಬೇಕಾಗುವ ಬಗೆಯದಾಗಿರಬೇಕು. ಕೊಂಡ ಮೇಲೆ ಹೆಚ್ಚು ಬಲದ ಸ್ಪ್ರಿಂಗ್ ಹಾಕಿಸುವುದೂ ಇದೇ ತೊಂದರೆಗೆ ದಾರಿ.

ಸಿಡಿಮದ್ದಿನ ಬಂದೂಕುಗಳ ದಾರಿ ಬೇರೆ. ನಿಜವಾದ ಬೆಳೆ ರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಗೆ ಲೈಸೆನ್ಸ್ ನೀಡಲು ಆಯುಧ ಕಾಯಿದೆಯ 13ನೇ ಕಲಮಿನಲ್ಲಿ ಅವಕಾಶವಿದೆ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು ಹತ್ತು ವರ್ಷಗಳಿಗೆ ಮುಂದುವರಿಸಲಾಯಿತು. ಆದರೆ ಲೈಸೆನ್ಸಾಗಲಿ ವಿನಾಯಿತಿಯಾಗಲಿ ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಮಾತ್ರ. ಯಾವ ಪ್ರಾಣಿಯನ್ನು ಹೊಡೆಯಬಹುದು ಎಂಬುದನ್ನು ಇನ್ನೊಂದು ಕಾಯಿದೆ ಹೇಳುತ್ತದೆ.

ಯಾವ ಪ್ರಾಣಿಗೆ ಗುರಿ ಇಡಬಾರದು?

ತೋಟಕ್ಕೆ ಅತಿ ಹೆಚ್ಚು ಕಾಟ ಕೊಡುವ ಕೋತಿ, ಮುಸುವ, ನವಿಲು, ಕೆಂದಳಿಲು, ಮುಳ್ಳುಹಂದಿ, ಕಾಡುಹಂದಿ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ಮೊದಲನೆಯ ಅನುಸೂಚಿಯ ಪ್ರಾಣಿಯನ್ನು ಕೊಂದರೆ ಮೂರರಿಂದ ಏಳು ವರ್ಷ ಜೈಲು, ಜೊತೆಗೆ ದಂಡ. ನವಿಲು ಈ ಅನುಸೂಚಿಯಲ್ಲಿದೆ. ಹಿಂದೆ ಕಾಗೆ, ಬಾವಲಿ ಮುಂತಾದವನ್ನು ಪೀಡಕಗಳೆಂದು ಹೆಸರಿಸಿದ್ದ ಐದನೆಯ ಅನುಸೂಚಿಯನ್ನು 2022ರ ತಿದ್ದುಪಡಿ ತೆಗೆದುಹಾಕಿತು. ಆದ್ದರಿಂದ ಹಳೆಯ ಕಾಲದ ತಿಳಿವಳಿಕೆಯ ಮೇಲೆ ಹಕ್ಕಿಗಳಿಗೆ ಗುರಿ ಹಿಡಿಯುವುದು ಬೇಡವೇ ಬೇಡ. ಬೀದಿನಾಯಿಗೆ ಗುಂಡು ಹೊಡೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಗೆ ವಿರುದ್ಧ.

ಕೆಲವರು "ಕೊಲ್ಲುವುದಿಲ್ಲ, ಹೆದರಿಸಲು ಒಂದು ಗುಂಡು ಹಾರಿಸುತ್ತೇವೆ" ಎನ್ನುತ್ತಾರೆ. ಏರ್‌ಗನ್ ಗುಂಡು ಕೋತಿಯನ್ನು ಕೂಡಲೇ ಕೊಲ್ಲುವಷ್ಟು ಬಲದ್ದಲ್ಲ. ಅದು ಚರ್ಮ ಹೊಕ್ಕು ಮಾಂಸದಲ್ಲಿ ಉಳಿಯುತ್ತದೆ, ಇಲ್ಲವೇ ಕಣ್ಣು ತೆಗೆಯುತ್ತದೆ; ಗಾಯ ಕೊಳೆತು ಪ್ರಾಣಿ ದಿನಗಟ್ಟಲೆ ನರಳುತ್ತದೆ. ಗಾಯ ಮಾಡುವುದೂ ಕಾಯಿದೆಯ ಲೆಕ್ಕದಲ್ಲಿ ಬೇಟೆಯೇ. ಕಾಡುಪ್ರಾಣಿಯ ಹಾವಳಿ ಮಿತಿ ಮೀರಿದಾಗ ಅರಣ್ಯ ಇಲಾಖೆಗೆ ಬರೆದು ಕೊಡುವುದು, ಬೆಳೆ ನಷ್ಟದ ಪರಿಹಾರಕ್ಕೆ ಅರ್ಜಿ ಹಾಕುವುದು, ಬೇಲಿ ಕಟ್ಟುವುದು, ಕಾವಲು ಇರುವುದು ಇವೇ ರೈತನಿಗೆ ಇರುವ ದಾರಿಗಳು.

ಹೀಗೆ ಒಂದೊಂದಾಗಿ ಕಳೆದರೆ ಹಿತ್ತಿಲಿನ ಏರ್‌ಗನ್ನಿಗೆ ಉಳಿಯುವ ಕೆಲಸ ಮನೆ, ಉಗ್ರಾಣ, ಕೋಳಿ ಮನೆಗಳ ಇಲಿ ಹೆಗ್ಗಣಗಳು ಮಾತ್ರ. ಈ ಕೆಲಸಕ್ಕೆ ತಕ್ಕ ಬಂದೂಕನ್ನೇ ಆರಿಸಬೇಕು.

0.22 ರೈಫಲ್ ಏಕೆ ಬೇಡ?

ಹೊರದೇಶಗಳ ಹೊಲಗಳಲ್ಲಿ 0.22 ತೋಟಾ ರೈಫಲ್ ಹೆಸರುವಾಸಿ. ಸದ್ದು ಕಡಿಮೆಯ ತೋಟಾ ಹಾಕಿದರೂ ಅದರ 2.6 ಗ್ರಾಂ ಗುಂಡು ಸೆಕೆಂಡಿಗೆ ಸುಮಾರು 320 ಮೀಟರ್ ವೇಗದಲ್ಲಿ, 130 ಜೌಲಿನಷ್ಟು ಶಕ್ತಿಯಿಂದ ಹೊರಡುತ್ತದೆ. ಇದು ಮೇಲೆ ಹೇಳಿದ ಏರ್‌ಗನ್ನಿನ ಹದಿಮೂರು ಪಟ್ಟು. ಗುರಿ ತಪ್ಪಿದ ಗುಂಡು ಒಂದೂವರೆ ಕಿಲೋಮೀಟರ್ ದೂರದಲ್ಲೂ ಅಪಾಯಕಾರಿ. ನಮ್ಮ ಊರುಗಳಲ್ಲಿ ಒಂದು ಮನೆಯ ಹಿತ್ತಿಲಿಗೆ ಇನ್ನೊಂದು ಮನೆಯ ಅಂಗಳ ತಗುಲಿಕೊಂಡಿರುತ್ತದೆ. ಲೈಸೆನ್ಸ್ ಇದ್ದರೂ ಇಲಿಗಾಗಿ ಇಂಥ ರೈಫಲ್ ಎತ್ತುವುದು ವಿವೇಕವಲ್ಲ.

ಆರಿಸುವ ಬಗೆ

1. ಯಂತ್ರ: ಏರ್‌ಗನ್ನುಗಳಲ್ಲಿ ಮುಖ್ಯವಾಗಿ ಎರಡು ಬಗೆ. ನಳಿಗೆಯನ್ನು ಬಗ್ಗಿಸಿದಾಗ ಸ್ಪ್ರಿಂಗ್ ಅದುಮಿಕೊಂಡು, ಕುದುರೆ ಎಳೆದಾಗ ಬಿಟ್ಟುಕೊಂಡು ಗಾಳಿ ತಳ್ಳುವುದು ಒಂದು. ಮೊದಲೇ ಪಂಪಿನಿಂದ ಸಣ್ಣ ಸಿಲಿಂಡರಿಗೆ ಗಾಳಿ ತುಂಬಿಡುವುದು ಇನ್ನೊಂದು. ಎರಡನೆಯದು ಮೆತ್ತಗೆ ಹೊಡೆಯುತ್ತದೆ, ಗುರಿಯೂ ಚೆನ್ನ. ಆದರೆ ಬಂದೂಕಿನ ಬೆಲೆಯ ಮೇಲೆ ಪಂಪಿನ ಬೆಲೆ, ಸೀಲುಗಳ ರಿಪೇರಿ ಖರ್ಚು ಸೇರುತ್ತದೆ. ಕಡಿಮೆ ಖರ್ಚಿನಲ್ಲಿ ವರ್ಷಗಟ್ಟಲೆ ನಡೆಯುವುದು ಸ್ಪ್ರಿಂಗಿನ ಬಂದೂಕೇ.

2. ನಳಿಗೆ: ಒಳಗೆ ಸುರುಳಿ ಗೀರುಗಳಿರುವ ಉಕ್ಕಿನ ನಳಿಗೆ ಇರಬೇಕು. ಗೀರಿಲ್ಲದ ನುಣುಪು ನಳಿಗೆಯ ಅಗ್ಗದ ಬಂದೂಕು ಜಾತ್ರೆಯಲ್ಲಿ ಬಲೂನು ಹೊಡೆಯಲು ಸರಿ. ಇಲಿಯ ತಲೆಗೆ ಸರಿಯಲ್ಲ. ನಳಿಗೆಯನ್ನು ಮುಚ್ಚಿ ಹಿಡಿದು ಎಡಕ್ಕೆ ಬಲಕ್ಕೆ ಅಲುಗಿಸಿ ನೋಡಿ. ಕೀಲಿನಲ್ಲಿ ಸಡಿಲವಿದ್ದರೆ ಬೇಡ.

3. ಗುರಿ: ನಳಿಗೆಯ ಮೇಲಿನ ಸಾಧಾರಣ ಸೈಟ್ ಸಾಕು. ಸ್ಪ್ರಿಂಗ್ ಬಂದೂಕು ಹಿಂದಕ್ಕೂ ಮುಂದಕ್ಕೂ ಒದೆಯುವುದರಿಂದ ಅದಕ್ಕೆಂದೇ ಮಾಡದ ಅಗ್ಗದ ದುರ್ಬೀನು ಬೇಗ ಕೆಡುತ್ತದೆ.

4. ಪರೀಕ್ಷೆ: ಹದಿನೈದು ಮೀಟರ್ ದೂರದಿಂದ, ಬಂದೂಕನ್ನು ಮರಳು ಚೀಲದ ಮೇಲೆ ಒರಗಿಸಿ ಐದು ಗುಂಡು ಹೊಡೆಯಬೇಕು. ಐದೂ ತೂತುಗಳು ಹತ್ತು ರೂಪಾಯಿ ನಾಣ್ಯದಡಿ ಮುಚ್ಚಿಹೋದರೆ ಬಂದೂಕು ಒಳ್ಳೆಯದು. ಬೆಲೆಯೂ ವೇಗವೂ ಈ ಪರೀಕ್ಷೆಯ ನಂತರದ ಮಾತು. ಹಳೆಯದನ್ನು ಕೊಳ್ಳುವವರಿಗೆ ಇದು ಇನ್ನೂ ಮುಖ್ಯ.

5. ಗುಂಡು: ನಡು ಸಣ್ಣಗಿರುವ, ತಲೆ ಗುಂಡಗಿರುವ ಸೀಸದ ಗುಂಡನ್ನೇ ಬಳಸಬೇಕು. ಚಪ್ಪಟೆ ತಲೆಯದು ಕಾಗದದ ಗುರಿಗೆ ಒಳ್ಳೆಯದು. ಉಕ್ಕಿನ ಗೋಲಿ ನಳಿಗೆಯ ಗೀರನ್ನು ಸವೆಸುತ್ತದೆ, ಕಲ್ಲಿಗೆ ತಗುಲಿ ಹೊಡೆದವನ ಮೇಲೆಯೇ ತಿರುಗಿ ಬರುತ್ತದೆ.

ಸದ್ದಿನ ವಿಚಾರ

ಗುಂಡಿನ ವೇಗ ಶಬ್ದದ ವೇಗವನ್ನು, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರನ್ನು ಮೀರಿದಾಗ ಗಾಳಿಯಲ್ಲಿ ಚಟೀರೆಂಬ ಸಿಡಿತ ಕೇಳುತ್ತದೆ. ಮಧ್ಯಮ ಬಲದ ಏರ್‌ಗನ್ನಿನಲ್ಲಿ ಇದು ಇಲ್ಲ. ಸ್ಪ್ರಿಂಗಿನ ಸದ್ದು ಮಾತ್ರ. ಹಾಗಾಗಿ ಸದ್ದು ಬೇಡವೆನ್ನುವವರಿಗೂ ಕಡಿಮೆ ಬಲದ ಬಂದೂಕೇ ಲೇಸು. ಸದ್ದು ಅಡಗಿಸುವ ಕೊಳವೆ ಜೋಡಿಸಲು ಹೋಗಬಾರದು. ಬಂದೂಕಿನ ಸದ್ದು ಕುಗ್ಗಿಸುವ ಸಾಧನವನ್ನೂ ಆಯುಧ ಕಾಯಿದೆ ಆಯುಧವೆಂದೇ ಎಣಿಸುತ್ತದೆ.

ಬಳಸುವಾಗ ಎಚ್ಚರ

ಇಲಿಗೆ ಹತ್ತರಿಂದ ಹದಿನೈದು ಮೀಟರ್ ದೂರವೇ ಸರಿ. ಹಿಂದೆ ಮಣ್ಣಿನ ಗೋಡೆಯೋ ಮರಳು ಮೂಟೆಯೋ ಇರಲೇಬೇಕು. ಕಲ್ಲು, ತಗಡು, ಸಿಮೆಂಟು ಗೋಡೆಯ ಎದುರು ಹೊಡೆಯಬಾರದು. ಮರದ ಮೇಲಕ್ಕೆ, ಮಾಡಿನ ಕಡೆಗೆ ನಳಿಗೆ ಎತ್ತಲೇಬಾರದು. ಇಲಿ ರಾತ್ರಿಯ ಪ್ರಾಣಿ. ಬ್ಯಾಟರಿಗೆ ಕೆಂಪು ಕಾಗದ ಸುತ್ತಿದರೆ ಅದು ಬೇಗ ಬೆದರುವುದಿಲ್ಲ. ಆದರೆ ಬೆಳಕಿನಲ್ಲಿ ಇಲಿಯೂ ಅದರ ಹಿಂದಿನ ತಡೆಯೂ ಸ್ಪಷ್ಟವಾಗಿ ಕಾಣದಿದ್ದರೆ ಕುದುರೆ ಎಳೆಯತಕ್ಕದ್ದಲ್ಲ. ತಲೆಗೆ ಗುರಿ ಸಿಗದಿದ್ದರೆ ಬಿಟ್ಟುಬಿಡಿ. ಗಾಯಗೊಂಡ ಇಲಿ ಬಿಲ ಸೇರಿ ಕೊಳೆತರೆ ಇಲಿಗಿಂತ ಅದರ ವಾಸನೆಯೇ ಹೆಚ್ಚು ಕಾಟ.

ಗುಂಡು ತುಂಬುವಾಗ ಬಗ್ಗಿಸಿದ ನಳಿಗೆಯನ್ನು ಕೈಯಿಂದ ಬಿಡಬಾರದು. ಅದು ಹೊಡೆದು ಮುಚ್ಚಿಕೊಂಡರೆ ಬೆರಳು ಹೋಗುತ್ತದೆ. ಗುಂಡಿಲ್ಲದೆ ಕುದುರೆ ಎಳೆದರೆ ಒಳಗಿನ ಕೊಂತ ಲೋಹಕ್ಕೆ ಬಡಿದು ಕೆಡುತ್ತದೆ. ಸ್ಪ್ರಿಂಗನ್ನು ಅದುಮಿಟ್ಟು ರಾತ್ರಿಯಿಡೀ ಬಿಡಬಾರದು. ಗಾಳಿಯ ಕೋಣೆಗೆ ಎಣ್ಣೆ ಸುರಿದರೆ ಅದು ಹೊತ್ತಿಕೊಂಡು ಸ್ಪ್ರಿಂಗ್, ಸೀಲು ಎರಡೂ ಹಾಳು. ಕೆಲಸ ಮುಗಿದೊಡನೆ ಬಂದೂಕು ಒಂದು ಬೀಗದಲ್ಲಿ, ಗುಂಡು ಇನ್ನೊಂದು ಬೀಗದಲ್ಲಿ ಇರಲಿ. ಇದನ್ನು ಮಕ್ಕಳ ಆಟಿಕೆಯೆಂದು ತಿಳಿಯುವ ಮನೆಯಲ್ಲಿ ಒಂದಲ್ಲ ಒಂದು ದಿನ ಯಾರದಾದರೂ ಕಣ್ಣು ಹೋಗುತ್ತದೆ.

ಸತ್ತ ಇಲಿಯನ್ನು ಬರಿಗೈಯಿಂದ ಮುಟ್ಟಬಾರದು. ಇಲಿಜ್ವರ ಅದರ ಮೂತ್ರದಿಂದ ಹರಡುತ್ತದೆ. ಸಲಿಕೆಯಿಂದ ಎತ್ತಿ ಆಳವಾಗಿ ಹೂಳಬೇಕು. ಒಳಗೆ ಸೀಸವಿರುವುದರಿಂದ ಬೆಕ್ಕಿಗೆ ಹಾಕಬಾರದು. ಗುಂಡು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಊಟಕ್ಕೆ ಕೂಡಬಾರದು.

ಬಂದೂಕು ಕೊನೆಯ ಸಾಧನ

ಹೆಣ್ಣಿಲಿ ಗರ್ಭ ಕಟ್ಟಿದ ಮೂರು ವಾರಕ್ಕೆ ಮರಿ ಹಾಕುತ್ತದೆ. ರಾತ್ರಿಗೆ ಒಂದೆರಡು ಇಲಿ ಹೊಡೆಯುವ ಬಂದೂಕು ಈ ಸಂತಾನದೊಡನೆ ಓಡಿ ಗೆಲ್ಲಲಾರದು. ಮೊದಲು ಇಲಿಯ ಅನ್ನ ಮತ್ತು ದಾರಿ ಎರಡನ್ನೂ ಕಟ್ಟಬೇಕು. ಕಾಳನ್ನು ಲೋಹದ ಕಣಜದಲ್ಲಿಡಿ. ಚೀಲಗಳನ್ನು ಗೋಡೆಗೆ ತಾಗಿಸದೆ ಹಲಗೆಯ ಮೇಲೆ ಜೋಡಿಸಿ. ಬಾಗಿಲ ಕೆಳಗೆ ತಗಡು ಹೊಡೆಯಿರಿ. ಕೋಳಿ ಮೇವನ್ನು ರಾತ್ರಿ ತೆಗೆದಿಡಿ. ಸೌದೆ, ತೆಂಗಿನ ಗರಿಗಳ ರಾಶಿಯನ್ನು ಗೋಡೆಯಿಂದ ದೂರ ಸರಿಸಿ. ವಿಷ ಇಡಲಾಗದ ಕಡೆ ಬೋನು, ಕತ್ತರಿಗಳು ಬಂದೂಕಿಗಿಂತ ಅಗ್ಗ. ರಾತ್ರಿಯೆಲ್ಲ ಎಚ್ಚರವಾಗಿಯೂ ಇರುತ್ತವೆ.

ತೆಂಗಿನ ಮರದ ಇಲಿಗಂತೂ ಬಂದೂಕು ಬೇಡ. ನೆಲದಿಂದ ಎರಡು ಮೀಟರ್ ಎತ್ತರದಲ್ಲಿ 40 ಸೆಂಟಿಮೀಟರ್ ಅಗಲದ ತಗಡನ್ನು ಕಾಂಡದ ಸುತ್ತ ಬಿಗಿದರೆ ಇಲಿ ಹತ್ತಲಾರದು. ಗರಿ ತಾಗುವ ಒತ್ತು ಮರಗಳಿರುವ ತೋಟದಲ್ಲಿ ಐದು ಮರಕ್ಕೊಂದರ ಸುಳಿಯಲ್ಲಿ ಬ್ರೊಮಾಡಿಯೊಲೋನ್ ಶೇ. 0.005ರ 10 ಗ್ರಾಂ ಬಿಲ್ಲೆಯನ್ನು 12 ದಿನಗಳ ಅಂತರದಲ್ಲಿ ಎರಡು ಸಲ ಇಡಬಹುದು. ಹೊಲದ ಬದುವಿನಲ್ಲಿ ಗೂಬೆ ಕಂಡರೆ ಓಡಿಸಬೇಡಿ. ರಾತ್ರಿಯ ಬೇಟೆಯಲ್ಲಿ ಅದಕ್ಕಿಂತ ನುರಿತವರು ಯಾರೂ ಇಲ್ಲ, ಲೈಸೆನ್ಸೂ ಬೇಕಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಬೋನಿಗೆ ಬೀಳದ ಒಂದೆರಡು ಜಾಣ ಹೆಗ್ಗಣಗಳು ಉಳಿಯುತ್ತವೆ. 0.177ರ ಸಾಧಾರಣ ಏರ್‌ಗನ್ ಬೇಕಾಗುವುದು ಅವಕ್ಕೆ. ಆ ಕೆಲಸಕ್ಕೆ ಅಗ್ಗದ ಬಂದೂಕೂ ಸಾಲುತ್ತದೆ, ಗುರಿ ಸರಿಯಿದ್ದರೆ. ಅದಕ್ಕಿಂತ ದೊಡ್ಡ ಕೆಲಸಕ್ಕೆ ದುಬಾರಿಯದೂ ಸಲ್ಲುವುದಿಲ್ಲ. ಕೊಳ್ಳಬೇಕೆಂದಿರುವ ರೈತರು ಮೊದಲು ಒಂದು ವಾರ ಬೋನು ಇಟ್ಟು, ಬಿಲ ಮುಚ್ಚಿ, ಉಳಿದ ಇಲಿಗಳ ಲೆಕ್ಕ ನೋಡಿ ಆಮೇಲೆ ಅಂಗಡಿಗೆ ಹೋಗುವುದು ಉತ್ತಮ.