ಪಾದವೈದ್ಯರ ಅಂಕಪಟ್ಟಿ ಮತ್ತು ಆಸ್ಪತ್ರೆಯ ಬಾಗಿಲು

(ವಿದ್ಯಾರ್ಥಿಗಳು ಮತ್ತು ಹೆತ್ತವರಿಗಾಗಿ ಏರ್ಪಡಿಸಿದ್ದ ಶೈಕ್ಷಣಿಕ ಮಾಹಿತಿ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವೈದ್ಯಕೀಯ ಶಿಕ್ಷಣ ಎಂದಾಕ್ಷಣ ನಮ್ಮ ಮನೆಗಳಲ್ಲಿ ನೆನಪಾಗುವುದು ಎಂಬಿಬಿಎಸ್. ಅದು ಸಿಗದಿದ್ದರೆ ಬಿಡಿಎಸ್, ಅದೂ ಇಲ್ಲವೆಂದಾದರೆ ಆಯುರ್ವೇದ, ಯುನಾನಿ ಅಥವಾ ನರ್ಸಿಂಗ್. ಪಾದದ ಚಿಕಿತ್ಸೆಗೆಂದೇ ಪ್ರತ್ಯೇಕ ಕಾಲೇಜುಗಳಿವೆ, ಪ್ರತ್ಯೇಕ ಪದವಿಯಿದೆ ಎಂದರೆ ಹೆಚ್ಚಿನವರು ಹುಬ್ಬೇರಿಸುತ್ತಾರೆ. ಅಮೆರಿಕದಲ್ಲಿ ಇದು ನೂರು ವರ್ಷಕ್ಕೂ ಹಳೆಯ ವೃತ್ತಿ. ಷಿಕಾಗೋದಲ್ಲಿ ವಿಲಿಯಂ ಷೋಲ್ ಎಂಬವರು ಪಾದಚಿಕಿತ್ಸೆಯ ಕಾಲೇಜನ್ನು ಸ್ಥಾಪಿಸಿದ್ದು 1912ರಲ್ಲಿ. ಇಂದು ಆ ದೇಶದಲ್ಲಿ ಇಂತಹ 11 ಕಾಲೇಜುಗಳಿವೆ. ಪದವಿಯ ನಂತರ ನಾಲ್ಕು ವರ್ಷ ಕಲಿತವರಿಗೆ ಡಿಪಿಎಂ, ಅಂದರೆ ಡಾಕ್ಟರ್ ಆಫ್ ಪೊಡಿಯಾಟ್ರಿಕ್ ಮೆಡಿಸಿನ್ ಎಂಬ ಪದವಿ ದೊರೆಯುತ್ತದೆ.

ಪದವಿ ಸಿಕ್ಕಿತೆಂದು ವೈದ್ಯನಾಗಲು ಸಾಧ್ಯವಿಲ್ಲ. ಆ ಬಳಿಕ ಆಸ್ಪತ್ರೆಯೊಂದರಲ್ಲಿ ಮೂರು ವರ್ಷಗಳ ರೆಸಿಡೆನ್ಸಿ ಮುಗಿಸಬೇಕು. ಅದಿಲ್ಲದೆ ಸ್ವತಂತ್ರವಾಗಿ ಶಸ್ತ್ರಚಿಕಿತ್ಸೆ ಮಾಡುವ ದಾರಿ ಹೆಚ್ಚುಕಡಿಮೆ ಮುಚ್ಚಿದಂತೆಯೇ. ಎರಡು ಲಕ್ಷ ಡಾಲರ್ ಮೀರಿದ ಸಾಲ ಹೊತ್ತು ಹೊರಬರುವವರು ಅಲ್ಲಿ ಅಪರೂಪವಲ್ಲ. ಸಾಲವಿದೆ, ಹೆಸರಿನ ಹಿಂದೆ ಡಾಕ್ಟರ್ ಎಂಬ ಪದವೂ ಇದೆ, ಆದರೆ ರೆಸಿಡೆನ್ಸಿ ಇಲ್ಲ ಎಂದರೆ ಆ ಮನೆಯ ಸ್ಥಿತಿ ಏನಾಗಬಹುದು? ಈ ಸಭೆಯಲ್ಲಿ ನನಗೆ ಕೊಟ್ಟ ಪ್ರಶ್ನೆ, ಆ ಸ್ಥಾನ ಸಿಗುವಲ್ಲಿ ಅಂಕಗಳ ಪಾತ್ರ ಎಷ್ಟು ಎಂಬುದು. ಅಂಕವೇ ಸರ್ವಸ್ವ ಎಂದು ನಂಬಿದ ಹೆತ್ತವರೂ, ಅಂಕದಲ್ಲೇನಿದೆ ಎಂದು ತಾತ್ಸಾರ ಮಾಡುವ ಮಕ್ಕಳೂ ಇಲ್ಲಿ ಕುಳಿತಿರುವುದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ.

ಮೊದಲು ಕಲಿಕೆಯ ಕ್ರಮವನ್ನು ನೋಡೋಣ. ಮೊದಲ ಎರಡು ವರ್ಷ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ ಮುಂತಾದ ಮೂಲ ವಿಷಯಗಳು. ಮೂರನೆಯ ಮತ್ತು ನಾಲ್ಕನೆಯ ವರ್ಷ ಹೆಚ್ಚಾಗಿ ರೋಗಿಗಳ ನಡುವೆ. ಈ ಹಂತದಲ್ಲಿ ವಿದ್ಯಾರ್ಥಿಗಳು ತಮಗೆ ಇಷ್ಟವಾದ ಆಸ್ಪತ್ರೆಗಳಿಗೆ ಒಂದೊಂದು ತಿಂಗಳ ಮಟ್ಟಿಗೆ ಹೋಗಿ ಅಲ್ಲಿನ ವೈದ್ಯರೊಂದಿಗೆ ದುಡಿಯುತ್ತಾರೆ. ಇದನ್ನೇ ಎಕ್ಸ್‌ಟರ್ನ್‌ಶಿಪ್ ಎನ್ನುವುದು. ಮುಂದೆ ರೆಸಿಡೆನ್ಸಿ ಕೊಡುವುದೂ ಇಂತಹ ಆಸ್ಪತ್ರೆಗಳೇ ಆದುದರಿಂದ ಈ ಒಂದು ತಿಂಗಳು ಎರಡೂ ಕಡೆಯವರಿಗೆ ಪರೀಕ್ಷೆಯ ಕಾಲ.

ಆದರೆ ಬೇಡಿಕೆಯಿರುವ ಆಸ್ಪತ್ರೆ ಎಲ್ಲರನ್ನೂ ಒಳಗೆ ಬಿಡುವುದಿಲ್ಲ. ಅರ್ಜಿಗಳ ರಾಶಿಯನ್ನು ಮುಂದಿಟ್ಟುಕೊಂಡ ನಿರ್ದೇಶಕರು ಮೊದಲು ನೋಡುವುದು ಜಿಪಿಎ ಮತ್ತು ತರಗತಿಯಲ್ಲಿ ವಿದ್ಯಾರ್ಥಿಯ ಸ್ಥಾನವನ್ನು. ಎ ಎಂಬುದಕ್ಕೆ 4, ಬಿ ಎಂಬುದಕ್ಕೆ 3, ಸಿ ಎಂಬುದಕ್ಕೆ 2 ಎಂದು ಲೆಕ್ಕ ಹಾಕಿ ತೆಗೆಯುವ ಸರಾಸರಿಯೇ ಜಿಪಿಎ. ಕೆಲವು ಆಸ್ಪತ್ರೆಗಳು 3.0ಕ್ಕಿಂತ ಕೆಳಗಿನವರ ಅರ್ಜಿಯನ್ನು ಪರಿಗಣಿಸುವುದಿಲ್ಲ. ಇನ್ನು ಕೆಲವು ಇದಕ್ಕಿಂತ ಕಡಿಮೆಗೂ ಒಪ್ಪುತ್ತವೆ. ಒಂದು ಕಾಲೇಜಿನ 3.2 ಇನ್ನೊಂದು ಕಾಲೇಜಿನ 3.2ಕ್ಕೆ ಸಮನಲ್ಲ ಎಂಬುದು ನಿರ್ದೇಶಕರಿಗೂ ಗೊತ್ತು. ಆದ್ದರಿಂದಲೇ ಅವರು ಸರಾಸರಿಯ ಜೊತೆಗೆ ತರಗತಿಯ ಸ್ಥಾನವನ್ನೂ ಕೇಳುತ್ತಾರೆ.

ರಾಷ್ಟ್ರಮಟ್ಟದ ಪರೀಕ್ಷೆಯೊಂದಿದೆಯಲ್ಲ, ಅದರ ಅಂಕ ನೋಡಬಹುದಲ್ಲ ಎಂದು ನೀವು ಕೇಳಬಹುದು. ಪರೀಕ್ಷೆಯೇನೋ ಇದೆ, ಅದರ ಹೆಸರು ಎಪಿಎಂಎಲ್ಇ. ಆದರೆ ಅದರಲ್ಲಿ ತೇರ್ಗಡೆಯಾದವರ ವಿಷಯದಲ್ಲಿ ಆಸ್ಪತ್ರೆಗೆ ತಿಳಿಯುವುದು ತೇರ್ಗಡೆ ಎಂಬ ಒಂದು ಪದ ಮಾತ್ರ. ಕಷ್ಟಪಟ್ಟು ದಾಟಿದವನೂ ಸಲೀಸಾಗಿ ದಾಟಿದವನೂ ಅಲ್ಲಿ ಒಂದೇ. ಎಂಡಿ ಓದುವವರ ಯುಎಸ್ಎಂಎಲ್ಇ ಪರೀಕ್ಷೆಯ ಮೊದಲ ಹಂತವೂ 2022ರ ಜನವರಿಯಿಂದ ಇದೇ ಕ್ರಮಕ್ಕೆ ಬಂದಿದೆ. ವಿದ್ಯಾರ್ಥಿಗಳ ಮೇಲಿನ ಒತ್ತಡ ತಗ್ಗಿಸುವುದು ಉದ್ದೇಶ. ವಿಪರ್ಯಾಸವೆಂದರೆ, ಒಂದು ಕಡೆ ಅಳತೆಗೋಲನ್ನು ತೆಗೆದಾಗ ಇನ್ನೊಂದು ಕಡೆಯ ಅಳತೆಗೋಲಿಗೆ ಬೆಲೆ ಹೆಚ್ಚುತ್ತದೆ. ಪಾದವೈದ್ಯ ವಿದ್ಯಾರ್ಥಿಯ ಮಟ್ಟಿಗೆ ಹಾಗೆ ಬೆಲೆ ಹೆಚ್ಚಿಸಿಕೊಂಡದ್ದು ಕಾಲೇಜಿನ ಅಂಕಪಟ್ಟಿ.

ಇಲ್ಲಿ ಒಂದು ಸರಳ ಗಣಿತವನ್ನು ಮಕ್ಕಳು ಗಮನಿಸಬೇಕು. ಎಕ್ಸ್‌ಟರ್ನ್‌ಶಿಪ್‌ನ ಅರ್ಜಿ ಹೋಗುವುದು ಸಾಮಾನ್ಯವಾಗಿ ಮೂರನೆಯ ವರ್ಷದಲ್ಲಿ. ಆಗ ಅಂಕಪಟ್ಟಿಯಲ್ಲಿರುವುದು ಹೆಚ್ಚಾಗಿ ಮೊದಲ ಎರಡು ವರ್ಷಗಳ ಫಲಿತಾಂಶ. ಒಬ್ಬ ವಿದ್ಯಾರ್ಥಿ ಮೊದಲ ವರ್ಷ ಎಡವಿ 2.6 ಪಡೆದ ಎಂದಿಟ್ಟುಕೊಳ್ಳಿ. ಎರಡನೆಯ ವರ್ಷ ಛಲದಿಂದ ಓದಿ 3.6 ಪಡೆದರೂ ಒಟ್ಟು ಸರಾಸರಿ 3.1ರ ಮೇಲೆ ಏರದು. ಮೂರನೆಯ ವರ್ಷವೂ 3.6 ಬಂದರೆ ಸುಮಾರು 3.27. ಅಂದರೆ ಎರಡು ವರ್ಷ ಉತ್ತಮವಾಗಿ ಓದಿದರೂ ಮೊದಲ ವರ್ಷದ ನೆರಳು ಪೂರ್ತಿ ಸರಿಯುವುದಿಲ್ಲ. ಡೆ ಮೊಯಿನ್ ವಿಶ್ವವಿದ್ಯಾನಿಲಯದಂತಹ ಕಡೆ ಪಾದವೈದ್ಯ ವಿದ್ಯಾರ್ಥಿಗಳು ಆಸ್ಟಿಯೋಪಥಿಕ್ ವೈದ್ಯ ವಿದ್ಯಾರ್ಥಿಗಳ ಜೊತೆಯಲ್ಲೇ ಮೂಲ ವಿಷಯಗಳನ್ನು ಕಲಿಯುತ್ತಾರೆ. ಪಾದವಷ್ಟೇ ತಾನೇ, ಸುಲಭವಿರಬಹುದು ಎಂದು ಭಾವಿಸಿ ಹೋದವರು ಮೊದಲ ವರ್ಷದಲ್ಲೇ ಕಂಗಾಲಾಗಲು ಇಷ್ಟು ಸಾಕು.

ಒಮ್ಮೆ ಆಸ್ಪತ್ರೆಯ ಒಳಗೆ ಕಾಲಿಟ್ಟ ಮೇಲೆ ಚಿತ್ರ ಬದಲಾಗುತ್ತದೆ. ನಸುಕಿನಲ್ಲೇ ಎದ್ದು ರೆಸಿಡೆಂಟ್ ವೈದ್ಯರಿಗಿಂತ ಮೊದಲು ವಾರ್ಡಿಗೆ ಹೋಗಿ ರೋಗಿಗಳ ಪಟ್ಟಿ ಸಿದ್ಧಪಡಿಸಬೇಕು. ಮಧುಮೇಹಿಗಳ ಪಾದದ ಹುಣ್ಣಿಗೆ ಕಟ್ಟಿದ ಬಟ್ಟೆಯನ್ನು ಬಿಚ್ಚಿ ಹೊಸತು ಕಟ್ಟಬೇಕು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಗಂಟೆಗಟ್ಟಲೆ ನಿಂತು ಹೊಲಿಗೆ ಹಾಕಲು ನೆರವಾಗಬೇಕು. ಅದರ ನಡುವೆಯೇ ಹಿರಿಯ ವೈದ್ಯರು ಆ ನರ ಯಾವುದು, ಈ ಸ್ನಾಯು ಎಲ್ಲಿ ಅಂಟಿಕೊಂಡಿದೆ ಎಂದು ಕೇಳುತ್ತಾರೆ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತಾನೋ ಅಥವಾ ಬಾಯಿಗೆ ಬಂದದ್ದನ್ನು ಹೇಳುತ್ತಾನೋ, ನರ್ಸಿನೊಂದಿಗೆ ಹೇಗೆ ಮಾತನಾಡುತ್ತಾನೆ, ನಿನ್ನೆ ತಪ್ಪು ಹೇಳಿದ್ದನ್ನು ಇಂದು ಓದಿಕೊಂಡು ಬಂದಿದ್ದಾನೋ ಎಂಬುದನ್ನೆಲ್ಲ ಅವರು ನೋಡುತ್ತಿರುತ್ತಾರೆ. ಮುಂದಿನ ಮೂರು ವರ್ಷ ಹಗಲು ರಾತ್ರಿ ತಮ್ಮ ಜೊತೆ ದುಡಿಯಬೇಕಾದವನನ್ನು ಅವರು ಆರಿಸುತ್ತಿದ್ದಾರಲ್ಲವೇ? 3.8 ಪಡೆದ ಸೋಮಾರಿಗಿಂತ 3.2 ಪಡೆದ ಶ್ರಮಜೀವಿಯನ್ನು ಆಯ್ದುಕೊಳ್ಳುವುದು ಅವರ ದೃಷ್ಟಿಯಲ್ಲಿ ಔದಾರ್ಯವೇನೂ ಅಲ್ಲ, ಬರಿಯ ವಿವೇಕ.

ಅಂದಹಾಗೆ, ಈ ಒಂದು ತಿಂಗಳಿಗೆ ಹಣವೂ ಬೇಕು. ಪ್ರತಿ ತಿಂಗಳು ಬೇರೆ ಬೇರೆ ಊರು. ಕೆಲವು ಆಸ್ಪತ್ರೆಗಳು ವಾಸಕ್ಕೆ ಕೋಣೆ ಕೊಡುತ್ತವೆ, ಉಳಿದೆಡೆ ಪ್ರಯಾಣ ಮತ್ತು ಬಾಡಿಗೆ ವಿದ್ಯಾರ್ಥಿಯದ್ದೇ. ಪ್ರತಿಭೆಯನ್ನು ಮಾತ್ರ ಅಳೆಯುತ್ತೇವೆ ಎನ್ನುವ ವ್ಯವಸ್ಥೆಗಳು ಕಿಸೆಯನ್ನೂ ಅಳೆಯುತ್ತವೆ ಎಂಬುದಕ್ಕೆ ಅಮೆರಿಕವೂ ಹೊರತಲ್ಲ.

ನಾಲ್ಕನೆಯ ವರ್ಷದ ನಡುವೆ ಸಂದರ್ಶನಗಳು ನಡೆಯುತ್ತವೆ. ಇಲ್ಲಿ ಹವ್ಯಾಸವೇನು, ಕುಟುಂಬವೇನು ಎಂಬ ಪ್ರಶ್ನೆಗಳ ಜೊತೆಗೆ ಹೆಬ್ಬೆರಳ ಬುಡ ಹೊರಚಾಚಿದ ರೋಗಿಯ ಎಕ್ಸ್‌ರೇ ಮುಂದಿಟ್ಟು, ನೀನಾದರೆ ಏನು ಮಾಡುತ್ತಿದ್ದೆ ಎಂದೂ ಕೇಳುತ್ತಾರೆ. ಬಳಿಕ ವಿದ್ಯಾರ್ಥಿಗಳು ತಮಗೆ ಬೇಕಾದ ಆಸ್ಪತ್ರೆಗಳ ಪಟ್ಟಿಯನ್ನೂ ಆಸ್ಪತ್ರೆಗಳು ತಮಗೆ ಬೇಕಾದ ವಿದ್ಯಾರ್ಥಿಗಳ ಪಟ್ಟಿಯನ್ನೂ ಕೊಡುತ್ತವೆ. ಎರಡನ್ನೂ ಕಂಪ್ಯೂಟರ್ ಹೊಂದಿಸುತ್ತದೆ, ಮಾರ್ಚ್ ತಿಂಗಳಲ್ಲಿ ಫಲಿತಾಂಶ ಬರುತ್ತದೆ. ಇಂತಹ ಹೊಂದಾಣಿಕೆಯ ಸಿದ್ಧಾಂತಕ್ಕಾಗಿಯೇ ಆಲ್ವಿನ್ ರಾತ್ ಮತ್ತು ಲಾಯ್ಡ್ ಶೇಪ್ಲಿ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 2013ರ ಆಸುಪಾಸಿನಲ್ಲಿ ಅಮೆರಿಕದ ಪಾದವೈದ್ಯ ಕ್ಷೇತ್ರ ದೊಡ್ಡ ಬಿಕ್ಕಟ್ಟಿಗೆ ಸಿಲುಕಿತು. ಪದವೀಧರರಿಗಿಂತ ರೆಸಿಡೆನ್ಸಿ ಸ್ಥಾನಗಳು ಕಡಿಮೆಯಾದವು. 2009ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಹೊಸ ಕಾಲೇಜಿನ ಮೊದಲ ತಂಡ ಹೊರಬಂದದ್ದು ಅದೇ 2013ರಲ್ಲಿ. ಎಲ್ಲ ರೆಸಿಡೆನ್ಸಿಗಳೂ ಮೂರು ವರ್ಷದವೇ ಆಗಿರಬೇಕೆಂಬ ನಿಯಮ ಗಟ್ಟಿಯಾದದ್ದೂ ಅದೇ ಕಾಲಕ್ಕೆ. ಕಾಲೇಜುಗಳು ವಿದ್ಯಾರ್ಥಿಗಳನ್ನು ಸೇರಿಸಿಕೊಂಡಷ್ಟು ವೇಗವಾಗಿ ಆಸ್ಪತ್ರೆಗಳು ಸ್ಥಾನಗಳನ್ನು ಸೃಷ್ಟಿಸಲಿಲ್ಲ. ತೇರ್ಗಡೆಯಾಗಿ, ಪದವಿ ಪಡೆದು, ಯಾವ ತಪ್ಪೂ ಮಾಡದ ಯುವಕ ಯುವತಿಯರು ಬೀದಿಯಲ್ಲಿ ನಿಂತರು. ಆಗ 2.8 ಎಂಬ ಜಿಪಿಎಯ ಅರ್ಥ, ವೃತ್ತಿಯೇ ಕೈತಪ್ಪಬಹುದು ಎಂದಾಗಿತ್ತು. ಅಂಕ ಕಡಿಮೆಯಿತ್ತು ಎಂದು ಅವರನ್ನೇ ದೂರುವುದು ಸುಲಭ. ಆದರೆ ಎಲ್ಲರೂ ಇನ್ನಷ್ಟು ಓದಿದ್ದರೆ ಸ್ಥಾನಗಳ ಸಂಖ್ಯೆ ಹೆಚ್ಚುತ್ತಿತ್ತೇ? ಖಂಡಿತ ಇಲ್ಲ. ಹೊರಗುಳಿಯುವವರ ಹೆಸರು ಬದಲಾಗುತ್ತಿತ್ತು, ಅಷ್ಟೇ.

ಬಿಕ್ಕಟ್ಟು ಕರಗಿದ್ದು ಹೇಗೆ? ಅಮೆರಿಕದಲ್ಲಿ ರೆಸಿಡೆಂಟ್ ತರಬೇತಿಯ ವೆಚ್ಚದ ದೊಡ್ಡ ಪಾಲನ್ನು ಮೆಡಿಕೇರ್ ಎಂಬ ಸರಕಾರಿ ನಿಧಿ ಭರಿಸುತ್ತದೆ. 1997ರ ಕಾನೂನೊಂದು ಇತರ ವೈದ್ಯರ ವಿಷಯದಲ್ಲಿ ಆ ನೆರವಿಗೆ ಮಿತಿ ಹಾಕಿತು. ದಂತವೈದ್ಯ ಮತ್ತು ಪಾದವೈದ್ಯ ರೆಸಿಡೆನ್ಸಿಗಳನ್ನು ಮಾತ್ರ ಆ ಮಿತಿಯಿಂದ ಹೊರಗಿಟ್ಟಿತು. ಹಾಗಾಗಿ ಆಸ್ಪತ್ರೆಗಳ ಮನವೊಲಿಸಿ ಹೊಸ ಸ್ಥಾನಗಳನ್ನು ತೆರೆಯಲು ಸಾಧ್ಯವಾಯಿತು. ಮುಂದೆ ಕಾಲೇಜಿಗೆ ಅರ್ಜಿ ಹಾಕುವವರೂ ಕಡಿಮೆಯಾದರು. ಈಗಿನ ವರ್ಷಗಳಲ್ಲಿ ಪದವೀಧರರಿಗಿಂತ ಸ್ಥಾನಗಳೇ ಹೆಚ್ಚು. ಅದೇ 2.8 ಇಂದು ವೃತ್ತಿಯನ್ನು ಕಸಿಯುವುದಿಲ್ಲ. ಹೆಸರಾಂತ ಶಸ್ತ್ರಚಿಕಿತ್ಸಾ ಕೇಂದ್ರದ ಬದಲು ಸಾಧಾರಣ ಆಸ್ಪತ್ರೆಯೊಂದಕ್ಕೆ ಕರೆದೊಯ್ಯಬಹುದು.

ನಮ್ಮಲ್ಲೂ ಇದಕ್ಕೆ ಉದಾಹರಣೆ ಬೇಕೇ? 2023ರ ಸೆಪ್ಟೆಂಬರಿನಲ್ಲಿ ನೀಟ್ ಪಿಜಿ ಅರ್ಹತೆಯನ್ನು ಕೇಂದ್ರ ಸರಕಾರವು ಶೂನ್ಯ ಪರ್ಸೆಂಟೈಲ್‌ಗೆ ಇಳಿಸಿತು. ಸೀಟುಗಳು ಖಾಲಿ ಉಳಿಯುತ್ತಿದ್ದುದೇ ಕಾರಣ. ಅಲ್ಲಿಯವರೆಗೆ ಪ್ರತಿಭೆಯ ಪವಿತ್ರ ಗೆರೆಯೆಂದು ಕಾಣುತ್ತಿದ್ದದ್ದು ಒಂದು ಆದೇಶದಲ್ಲಿ ಮಾಯವಾಯಿತು. ಒಂದು ವ್ಯತ್ಯಾಸವನ್ನೂ ಹೇಳಬೇಕು. ನಮ್ಮ ಎಂಬಿಬಿಎಸ್ ವಿದ್ಯಾರ್ಥಿ ಒಂದು ವರ್ಷದ ಇಂಟರ್ನ್‌ಶಿಪ್‌ನಲ್ಲಿ ರೋಗಿಗಳನ್ನು ಎಷ್ಟೇ ಅಕ್ಕರೆಯಿಂದ ನೋಡಿಕೊಂಡರೂ ಸ್ನಾತಕೋತ್ತರ ಸೀಟಿನ ಹಂಚಿಕೆಯಲ್ಲಿ ಅದಕ್ಕೆ ಬೆಲೆಯಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ರ‍್ಯಾಂಕ್ ಮಾತ್ರ. ಇಂಟರ್ನ್‌ಶಿಪ್ ಅವಧಿಯಲ್ಲಿ ವಾರ್ಡ್ ತಪ್ಪಿಸಿ ಕೋಚಿಂಗ್ ಪುಸ್ತಕ ಹಿಡಿಯುವವರನ್ನು ನಾವು ಹೇಗೆ ದೂರೋಣ? ಈ ವಿಷಯದಲ್ಲಿ ಅಮೆರಿಕದ ಪಾದವೈದ್ಯರ ಪದ್ಧತಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಶಿಫಾರಸು, ಮುಖಸ್ತುತಿಗಳಿಗೂ ಅವಕಾಶವಿದೆ ಎಂಬ ಆಕ್ಷೇಪವನ್ನು ನಾನು ಅಲ್ಲಗಳೆಯುವುದಿಲ್ಲ.

ಕೊನೆಗೆ, ಮಕ್ಕಳನ್ನು ಈ ಕೋರ್ಸಿಗೆ ಕಳುಹಿಸುವ ಆಲೋಚನೆಯಿರುವವರಿಗೆ ಎರಡು ಮಾತು. ಪಿಯುಸಿ ಮುಗಿಸಿ ನೇರವಾಗಿ ಡಿಪಿಎಂ ಸೇರಲಾಗದು. ವಿಜ್ಞಾನ ವಿಷಯಗಳೊಂದಿಗೆ ಕಾಲೇಜು ಶಿಕ್ಷಣ ಮತ್ತು ಸಾಮಾನ್ಯವಾಗಿ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಅಗತ್ಯ. ಈ ಪದವಿ ಭಾರತದಲ್ಲಿ ಎಂಬಿಬಿಎಸ್‌ಗೆ ಸಮಾನವೂ ಅಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಪಾದ ಉಳಿಸುವ ವೈದ್ಯರು ಇಲ್ಲಿಗೆ ಬೇಕೇ ಬೇಕು. ಆದರೆ ಇಲ್ಲಿ ಆ ಕೆಲಸಕ್ಕೆ ಬರುವವರು ಎಂಬಿಬಿಎಸ್ ಮತ್ತು ಶಸ್ತ್ರಚಿಕಿತ್ಸೆ ಕಲಿತು ಆ ದಾರಿಯಿಂದ ಬರುತ್ತಾರೆ. ಅಮೆರಿಕಕ್ಕೇ ಹೋಗುವುದಾದರೆ ಏಜೆಂಟರು ಕೊಡುವ ಬಣ್ಣದ ಪುಸ್ತಿಕೆಯನ್ನು ಬದಿಗಿಡಿ. ಎಷ್ಟು ಮಂದಿ ನಾಲ್ಕೇ ವರ್ಷದಲ್ಲಿ ಮುಗಿಸಿದರು, ಎಷ್ಟು ಮಂದಿ ಪರೀಕ್ಷೆಯಲ್ಲಿ ತೇರ್ಗಡೆಯಾದರು, ಎಷ್ಟು ಮಂದಿಗೆ ರೆಸಿಡೆನ್ಸಿ ಸಿಕ್ಕಿತು ಎಂಬ ವಿವರಗಳನ್ನು ಆ ಕಾಲೇಜುಗಳೇ ಪ್ರಕಟಿಸುತ್ತವೆ. ಶುಲ್ಕ ಕಟ್ಟುವ ಮೊದಲು ಕಳೆದ ಕೆಲವು ವರ್ಷಗಳ ಆ ಮೂರು ಅಂಕಿಗಳನ್ನು ಕೇಳಿ ಪಡೆಯಿರಿ.